ಸಾಸಿವೆಗಿಂತ ಸಣ್ಣ ಮೊಳೆಗಳು

ಹಳೆಯ ಓಲೆಗರಿಗಳನ್ನು ಓದುವವನ ಮನೆಯಲ್ಲಿ ಎರಡು ವಸ್ತುಗಳನ್ನು ಮಕ್ಕಳು ಮುಟ್ಟಬಾರದೆಂಬ ಕಟ್ಟಳೆ ಇರುತ್ತದೆ. ಒಂದು ಓಲೆಯ ಕಟ್ಟು, ಇನ್ನೊಂದು ಭೂತಗನ್ನಡಿ. ನಲವತ್ತು ವರ್ಷಗಳಿಂದ ನನ್ನ ಮೇಜಿನ ಬಲಬದಿಗೆ ಇದ್ದ ಭೂತಗನ್ನಡಿಯು ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಮುಂಜಾನೆ ಕಾಣೆಯಾಯಿತು. ಹುಡುಕುತ್ತ ಹೋದರೆ, ಪಡಸಾಲೆಯ ಕಿಟಕಿಯ ಬಳಿ ನನ್ನ ಹದಿನಾರು ವರ್ಷದ ಮೊಮ್ಮಗ ಅದನ್ನು ಎರಡು ಪುಸ್ತಕಗಳ ನಡುವೆ ನಿಲ್ಲಿಸಿಕೊಂಡು ಉಸಿರು ಬಿಗಿಹಿಡಿದು ಕುಳಿತಿದ್ದ. ಅವನ ಮುಂದೆ ಒಂದು ಬಟ್ಟಲು ನೀರು, ಒಂದು ಚಿಮಟ, ತೆಳುವಾದ ಕುಂಚ, ಬ್ಲೇಡು ಮತ್ತು ಬಿಳಿಯ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಅಂಟಿಸಿದ, ಅಂಗೈಯಷ್ಟು ಉದ್ದದ ಒಂದು ಪೆಟ್ಟಿಗೆ.

“ಏನು ಮಾಡಾಕತ್ತೀ ತಮ್ಮಾ?” ಎಂದೆ.

“ರಿವೆಟ್ ಹಚ್ಚಾಕತ್ತೀನ್ರಿ ಅಜ್ಜಾ” ಎಂದ, ತಲೆಯೆತ್ತದೆ.

ಬಾಗಿ ನೋಡಿದೆ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಭೂತಗನ್ನಡಿಯ ಒಳಗಿನಿಂದ ನೋಡಿದಾಗ, ಆ ಬಿಳಿಯ ಪೆಟ್ಟಿಗೆಯ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದಾದ ಉಬ್ಬುಗಳು ಸಾಲಾಗಿ ಕುಳಿತಿದ್ದವು. ಹುಡುಗರು ಪರೀಕ್ಷೆಗೆ ಓದಬೇಕಾದ ವಯಸ್ಸಿನಲ್ಲಿ ಕಣ್ಣು ಕೆಡಿಸಿಕೊಳ್ಳುವ ಈ ಆಟವೇಕೆ ಎಂದು ಗದರಿಸುವುದಕ್ಕೆ ಬಾಯಿ ತೆರೆದವನು, ಆ ಪೆಟ್ಟಿಗೆಗೆ ಒರಗಿಸಿಟ್ಟಿದ್ದ ಛಾಯಾಚಿತ್ರವನ್ನು ಕಂಡು ಸುಮ್ಮನಾದೆ. ಅದು ನಮ್ಮ ತಂದೆಯವರದು.

ವಾಚಕ ಬಂಧುಗಳಿಗೆ ಮೊದಲು ಆ ಹುಡುಗನ ಕೆಲಸವನ್ನು ವಿವರಿಸಬೇಕು. ಅವನು ಮಾಡುತ್ತಿದ್ದುದು ಹಳೆಯ ಉಗಿಬಂಡಿಯ ಟೆಂಡರಿನ ಪ್ರತಿಕೃತಿ. ಟೆಂಡರ್ ಎಂದರೆ ಎಂಜಿನ್ನಿನ ಬೆನ್ನಿಗೇ ಕಲ್ಲಿದ್ದಲನ್ನೂ ನೀರನ್ನೂ ಹೊತ್ತು ಸಾಗುವ ಬಂಡಿ. ಮೂಲದ ನಲವತ್ತೆಂಟರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅವನು ಅದನ್ನು ಮಾಡಿದ್ದ. ಮೂಲದಲ್ಲಿ 4.8 ಮೀಟರು ಉದ್ದವಿರುವ ನೀರಿನ ತೊಟ್ಟಿ ಈ ಲೆಕ್ಕದಲ್ಲಿ 10 ಸೆಂಟಿಮೀಟರಿಗೆ ಇಳಿಯುತ್ತದೆ. ಆ ತೊಟ್ಟಿಯ ಕಬ್ಬಿಣದ ಹಲಗೆಗಳನ್ನು ಕೂಡಿಸಿದ ಗುಂಡುತಲೆಯ ಮೊಳೆಗಳೇ ರಿವೆಟ್‌ಗಳು. ತಲೆಯ ಅಗಲ 25 ಮಿಲಿಮೀಟರು ಇದ್ದರೆ ಪ್ರತಿಕೃತಿಯಲ್ಲಿ ಅದು ಅರ್ಧ ಮಿಲಿಮೀಟರು. ಒಂದರಿಂದ ಒಂದಕ್ಕೆ 48 ಮಿಲಿಮೀಟರು ಅಂತರವಿದ್ದರೆ ಪ್ರತಿಕೃತಿಯಲ್ಲಿ ಸರಿಯಾಗಿ ಒಂದು ಮಿಲಿಮೀಟರು. ಹೀಗೆ ಬೆರಳುದ್ದದ ಒಂದು ಸಾಲಿಗೆ ನೂರು ರಿವೆಟ್‌ಗಳು ಬೇಕಾಗುತ್ತವೆ!

ಇವನ್ನು ಕೂರಿಸುವುದಾದರೂ ಹೇಗೆ? ಹಿಂದಿನವರು ತೆಳುವಾದ ಹಿತ್ತಾಳೆಯ ತಗಡಿನ ಹಿಂಬದಿಯಿಂದ ಸೂಜಿಯ ಮೊನೆಯಿಂದ ಒತ್ತಿ ಮುಂಬದಿಯಲ್ಲಿ ಉಬ್ಬುಗಳನ್ನು ಎಬ್ಬಿಸುತ್ತಿದ್ದರಂತೆ. ಕೆಲವರು ಬಿಳಿ ಅಂಟನ್ನು ಸೂಜಿಯ ತುದಿಯಿಂದ ಹನಿಹನಿಯಾಗಿ ಇಡುತ್ತಿದ್ದರು. ಸಣ್ಣ ಪ್ಲಾಸ್ಟಿಕ್ ಕಡ್ಡಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಒಂದೊಂದನ್ನೇ ಅಂಟಿಸುವವರೂ ಉಂಟು. ಇತ್ತೀಚಿನ ಉಪಾಯವೆಂದರೆ ಡೆಕಾಲ್. ನಾವು ಬಾಲ್ಯದಲ್ಲಿ ಜಾತ್ರೆಯಲ್ಲಿ ಕೊಂಡು, ನೀರು ಹಚ್ಚಿ ಮುಂಗೈಗೆ ಒತ್ತಿಕೊಳ್ಳುತ್ತಿದ್ದ ಬಣ್ಣದ ಚಿತ್ರಗಳ ಜಾತಿಯದೇ ಇದು. ಸಾಮಾನ್ಯವಾದ ಡೆಕಾಲ್ ಚಪ್ಪಟೆಯಾಗಿರುತ್ತದೆ. ಬಂಡಿಯ ಅಂಕಿ, ಅಕ್ಷರ, ಲಾಂಛನಗಳನ್ನು ಅದರಿಂದ ಮೂಡಿಸುತ್ತಾರೆ. ರಿವೆಟ್ಟಿನ ಡೆಕಾಲ್‌ನಲ್ಲಿ ಮಾತ್ರ ಪಾರದರ್ಶಕವಾದ ಪೊರೆಯ ಮೇಲೆ ರಾಳದ ಸಣ್ಣ ಸಣ್ಣ ಉಬ್ಬುಗಳು ನಿಂತಿರುತ್ತವೆ. ಅಮೆರಿಕೆಯಲ್ಲಿರುವ ನನ್ನ ಕಿರಿಯ ಮಗ ಆ ಹಾಳೆಗಳನ್ನು ಇವನಿಗೆ ಕಳುಹಿಸಿದ್ದ.

“ಇಷ್ಟು ಸಣ್ಣದನ್ನ ಯಾರು ನೋಡ್ತಾರೋ?” ಎಂದು ಕೇಳಿದೆ.

ಅವನು ನನಗೆ ಒಂದು ಕಥೆ ಹೇಳಿದ. 1936ರ ಮಾರ್ಚ್ ತಿಂಗಳಲ್ಲಿ ಮೊದಲ ಸಲ ಹಾರಿದ ಇಂಗ್ಲೆಂಡಿನ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನದ ಮೈಯಲ್ಲಿ ರಿವೆಟ್‌ಗಳ ತಲೆ ಮೇಲೆ ಏಳದಂತೆ ಸಮತಟ್ಟಾಗಿ ಕೂರಿಸಿದ್ದರು. ಆ ಕೆಲಸಕ್ಕೆ ಖರ್ಚೂ ಕಾಲವೂ ಹೆಚ್ಚು. ಗುಂಡುತಲೆಯ ಅಗ್ಗದ ರಿವೆಟ್ ಹಾಕಿದರೆ ನಷ್ಟವೆಷ್ಟು ಎಂದು ತಿಳಿಯಲು ಅಲ್ಲಿನ ತಂತ್ರಜ್ಞರು ಅಡುಗೆಮನೆಯ ಬಟಾಣಿ ಬೇಳೆಯನ್ನು ತಂದು ಪ್ರತಿಯೊಂದು ರಿವೆಟ್ಟಿನ ಮೇಲೂ ಒಂದೊಂದು ಬೇಳೆ ಅಂಟಿಸಿ ವಿಮಾನವನ್ನು ಹಾರಿಸಿದರು. ವೇಗವು ಗಂಟೆಗೆ ಸುಮಾರು 35 ಕಿಲೋಮೀಟರಿನಷ್ಟು ಕುಸಿಯಿತು! ಬಳಿಕ ಸಾಲುಸಾಲಾಗಿ ಬೇಳೆಗಳನ್ನು ಕೀಳುತ್ತ, ಮತ್ತೆ ಮತ್ತೆ ಹಾರಿಸುತ್ತ, ಎಲ್ಲಿ ಗುಂಡುತಲೆ ಇದ್ದರೂ ನಡೆದೀತು, ಎಲ್ಲಿ ಇರಕೂಡದು ಎಂಬುದನ್ನು ನಿರ್ಣಯಿಸಿದರು.

“ಸಣ್ಣದು ಅಂತ ಬಿಟ್ಟಿದ್ರ ವಿಮಾನ ಹಿಂದ ಬೀಳ್ತಿತ್ರಿ ಅಜ್ಜಾ” ಎಂದು ಹೇಳಿ ಮತ್ತೆ ಚಿಮಟ ಹಿಡಿದ. ಬೇಳೆಕಾಳಿನಿಂದ ವಿಮಾನವನ್ನು ಅಳೆದ ಆ ಪುರುಷರ ಮೇಲೆ ನನಗೂ ಗೌರವ ಹುಟ್ಟಿತು.

ಇಂಥ ಪ್ರತಿಕೃತಿ ಮಾಡುವವರಲ್ಲಿ ಅತಿ ಕಟ್ಟುನಿಟ್ಟಿನವರನ್ನು ಉಳಿದವರು ‘ರಿವೆಟ್ ಎಣಿಸುವವರು’ ಎಂದು ಹಾಸ್ಯ ಮಾಡುವರಂತೆ. ಇದನ್ನು ಕೇಳಿ ನನಗೆ ನಗು ಬಂತು. ಒಂದು ದೀರ್ಘಕ್ಕಾಗಿ, ಒಂದು ಒತ್ತಕ್ಷರಕ್ಕಾಗಿ ನಾಲ್ಕು ಪ್ರತಿಗಳನ್ನು ಹರಡಿಕೊಂಡು ವಾರಗಟ್ಟಲೆ ಕೂರುತ್ತಿದ್ದ ನನ್ನನ್ನು ಮಿತ್ರರು ‘ಕೊಂಬು ಎಣಿಸುವ ಶಾಸ್ತ್ರಿ’ ಎಂದು ಕರೆಯುತ್ತಿದ್ದರು. ಅಜ್ಜ ಮೊಮ್ಮಕ್ಕಳದು ಒಂದೇ ಕುಲವೆಂದು ಆ ದಿನ ತಿಳಿಯಿತು.

ಇನ್ನು ಛಾಯಾಚಿತ್ರದ ವಿಷಯ. ನಮ್ಮ ತಂದೆಯವರು ರೈಲ್ವೆ ಕಾರ್ಖಾನೆಯೊಂದರಲ್ಲಿ ರಿವೆಟ್ ಹೊಡೆಯುವ ಕೆಲಸದಲ್ಲಿದ್ದರು. 1961ರಲ್ಲಿ ತೆಗೆದ ಆ ಚಿತ್ರದಲ್ಲಿ, ದುರಸ್ತಿ ಮುಗಿದ ಟೆಂಡರಿನ ಮುಂದೆ ನಾಲ್ವರು ನಿಂತಿದ್ದಾರೆ. ರಿವೆಟ್ ಹೊಡೆಯುವುದು ಒಬ್ಬನಿಂದ ಆಗುವ ಕೆಲಸವಲ್ಲ. ಕುಲುಮೆಯ ಬಳಿ ಒಬ್ಬನು ರಿವೆಟ್ಟನ್ನು ಸುಮಾರು 1,000 ಡಿಗ್ರಿ ಶಾಖಕ್ಕೆ ಕೆಂಪಗೆ ಕಾಯಿಸುತ್ತಾನೆ. ಇನ್ನೊಬ್ಬನು ಅದನ್ನು ಇಕ್ಕಳದಿಂದ ಹಿಡಿದು, ಎರಡೂ ಹಲಗೆಗಳಲ್ಲಿ ಸರಿಸಮನಾಗಿ ಕೊರೆದ ತೂತಿನೊಳಗೆ ನೂಕುತ್ತಾನೆ. ಮೂರನೆಯವನು ಒಳಗಿನಿಂದ ಭಾರವಾದ ಕಬ್ಬಿಣದ ಗಟ್ಟಿಯನ್ನು ಅದರ ತಲೆಗೆ ಆನಿಸಿ ನಿಲ್ಲುತ್ತಾನೆ. ನಾಲ್ಕನೆಯವನು ಹೊರಗೆ ಚಾಚಿದ ತುದಿಯನ್ನು ಬಡಿದು ಬಡಿದು ಎರಡನೆಯ ತಲೆಯನ್ನು ಮೂಡಿಸುತ್ತಾನೆ. ಕಾದ ಕಬ್ಬಿಣವು ಆರುತ್ತ ಕುಗ್ಗುತ್ತದೆ. ಹಾಗೆ ಕುಗ್ಗುವಾಗ ಎರಡೂ ಹಲಗೆಗಳನ್ನು ಒಂದಕ್ಕೊಂದು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಹೊಡೆದವನು ಮನೆಗೆ ಹೋದ ಮೇಲೂ ಬಿಗಿತ ಉಳಿಯುವುದು ಈ ಕುಗ್ಗುವಿಕೆಯಿಂದ.

1889ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರವು ಸುಮಾರು 25 ಲಕ್ಷ ರಿವೆಟ್‌ಗಳಿಂದ ಎದ್ದು ನಿಂತಿತು. 1943ರಲ್ಲಿ ಸಂಚಾರಕ್ಕೆ ತೆರೆದ ಕೋಲ್ಕತ್ತದ ಹೌರಾ ಸೇತುವೆಯೂ ರಿವೆಟ್‌ಗಳ ಬಿಗಿತದಿಂದಲೇ ನಿಂತಿದೆ. ಅದೇ ಹೊತ್ತಿಗೆ ಅಮೆರಿಕೆಯಲ್ಲಿ ಯುದ್ಧಕಾಲದ 2,710 ಲಿಬರ್ಟಿ ಹಡಗುಗಳನ್ನು ಬಹುಮಟ್ಟಿಗೆ ಬೆಸುಗೆಯಿಂದಲೇ ಕಟ್ಟಿದರು. ವೆಲ್ಡಿಂಗ್ ಬಂದ ಮೇಲೆ ರಿವೆಟ್ಟಿನ ಕಾಲ ಇಳಿಯುತ್ತ ಬಂತು. ಆದ್ದರಿಂದ ಒಂದು ಬಂಡಿಯ ಮೈಮೇಲಿನ ರಿವೆಟ್‌ಗಳು ಕೇವಲ ಅಲಂಕಾರವಲ್ಲ. ಓಲೆಗರಿಯ ಲಿಪಿಯನ್ನು ನೋಡಿ ಅದರ ಕಾಲವನ್ನು ಊಹಿಸುವಂತೆ, ರಿವೆಟ್ಟಿನ ಸಾಲನ್ನು ನೋಡಿ ಅದು ಯಾವ ಕಾಲದ ಕೈಗೆಲಸ ಎಂಬುದನ್ನು ಊಹಿಸಬಹುದು.

ಆ ಬಿಗಿತಕ್ಕೆ ತೆತ್ತ ಬೆಲೆಯೂ ಒಂದಿತ್ತು. ಕಬ್ಬಿಣದ ತೊಟ್ಟಿಯ ಒಳಗೆ ನಿಂತವನಿಗೆ ಹೊರಗಿನ ಪ್ರತಿಯೊಂದು ಏಟೂ ಸಿಡಿಲಿನಂತೆ. 1886ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ ಎಂಬವರು ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿದರು. ನೂರರಲ್ಲಿ ಒಬ್ಬರಿಗೂ ಸಹಜವಾದ ಶ್ರವಣಶಕ್ತಿ ಉಳಿದಿರಲಿಲ್ಲ. ನಮ್ಮ ತಂದೆಯವರು ಆ ನೂರರ ಆಚೆಯ ನೂರಾ ಒಂದನೆಯವರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರ ಕಿವಿ ಬಹುಪಾಲು ಹೋಗಿತ್ತು. ನಮ್ಮ ಅವ್ವ ಅವರೊಡನೆ ಸನ್ನೆಯಲ್ಲಿ ಮಾತನಾಡುತ್ತಿದ್ದಳು. ಅವರು ಮಾತ್ರ ತಮ್ಮ ದನಿ ತಮಗೆ ಕೇಳದ್ದರಿಂದ ಕೂಗಿಯೇ ಮಾತನಾಡುತ್ತಿದ್ದರು.

ರಿವೆಟ್ ಸಡಿಲಾಗಿದೆಯೇ ಎಂದು ತಿಳಿಯಲು ಸಣ್ಣ ಸುತ್ತಿಗೆಯಿಂದ ತಟ್ಟಿ ನಾದವನ್ನು ಆಲಿಸುವುದು ರೂಢಿ. ಬಿಗಿಯಾದದ್ದು ಖಣಿಲೆನ್ನುತ್ತದೆ, ಸಡಿಲಾದದ್ದು ಬೊದ್ದೆನ್ನುತ್ತದೆ. ಕಿವಿ ಹೋದ ತಂದೆಯವರಿಗೆ ಇನ್ನೊಂದು ದಾರಿ ಗೊತ್ತಿತ್ತು. ರಿವೆಟ್ಟಿನ ತಲೆಯ ಒಂದು ಬದಿಗೆ ಬೆರಳಿನ ತುದಿಯನ್ನು ಆನಿಸಿ, ಎದುರು ಬದಿಯಿಂದ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಿದ್ದರು. ಸಡಿಲವಿದ್ದರೆ ಬೆರಳಿಗೆ ಮಿಡಿಯುತ್ತದೆ. ಕಿವಿ ಇದ್ದವರು ತಪ್ಪಿದಲ್ಲಿ ಅವರ ಬೆರಳು ತಪ್ಪುತ್ತಿರಲಿಲ್ಲವೆಂದು ಜೊತೆಗಾರರು ಹೇಳುತ್ತಿದ್ದುದನ್ನು ಕೇಳಿದ್ದೇನೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಹನ್ನೊಂದನೆಯ ವಯಸ್ಸಿನಲ್ಲಿ ನನ್ನನ್ನು ಮಠದ ಪಾಠಶಾಲೆಗೆ ಸೇರಿಸಿದರು. ಅನ್ನ, ವಿದ್ಯೆ ಎರಡೂ ಅಲ್ಲಿಯೇ ದೊರೆತವು. ತಂದೆಯವರು ಎರಡು ತಿಂಗಳಿಗೊಮ್ಮೆ ರೊಟ್ಟಿಯ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಅಂಗಳದಲ್ಲಿ ನಿಂತು “ಹ್ಯಾಂಗದೀಯೋ ತಮ್ಮಾ!” ಎಂದು ಅವರು ಕೂಗಿದರೆ ಪಾಠ ನಡೆಯುತ್ತಿದ್ದ ಕೋಣೆಗಳೆಲ್ಲ ಒಮ್ಮೆ ನಿಶ್ಶಬ್ದವಾಗಿ ಮರುಕ್ಷಣ ನಗುತ್ತಿದ್ದವು. ನನಗೆ ನಾಚಿಕೆಯಾಗುತ್ತಿತ್ತು. 1976ರಲ್ಲಿ, ನನಗೆ ಹದಿನೇಳಾಗಿದ್ದಾಗ, ವಾರ್ಷಿಕ ಸಭೆಯಲ್ಲಿ ನನ್ನ ಮೊದಲ ಭಾಷಣವಿತ್ತು. ತಂದೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಎದುರಿನ ಸಾಲಿನಲ್ಲಿ ಕುಳಿತರು. ನಡುವೆ ಅವರೇನಾದರೂ ಕೂಗಿ ಮಾತನಾಡಿಬಿಟ್ಟಾರೆಂಬ ಅಂಜಿಕೆಯಿಂದ ನಾನು ಹತ್ತಿರ ಹೋಗಿ, ಹಿಂದಿನ ಸಾಲಿಗೆ ಹೋಗಿ ಕೂರುವಂತೆ ಕೈಸನ್ನೆ ಮಾಡಿದೆ. ಅವರು ಎದ್ದು ಹೋದರು. ಹಿಂದೆ, ಕಂಬದ ಪಕ್ಕದಲ್ಲಿ, ಆ ಕಂಬಕ್ಕೆ ಅಂಗೈ ಆನಿಸಿ ಕೊನೆಯವರೆಗೂ ನಿಂತಿದ್ದರು. ಮಾತು ಕೇಳದವರು ಕಂಬದಿಂದ ಏನನ್ನು ಗ್ರಹಿಸುತ್ತಿದ್ದರೋ ನನಗೆ ಆಗ ತೋಚಲಿಲ್ಲ. 1994ರಲ್ಲಿ ಅವರು ತೀರಿಕೊಂಡರು. ಆ ಸನ್ನೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ.

ಮೊಮ್ಮಗನಿಗೆ ಇದಾವುದೂ ತಿಳಿಯದು. ಅವನಿಗೆ ಬೇಕಾದದ್ದು ಟೆಂಡರ್ ಮಾತ್ರ. ನಾವಿಬ್ಬರೂ ಸೇರಿ ಭೂತಗನ್ನಡಿಯಿಂದ ಚಿತ್ರದಲ್ಲಿನ ರಿವೆಟ್‌ಗಳನ್ನು ಎಣಿಸತೊಡಗಿದೆವು. ಮೇಲಿನ ಅಂಚಿನ ಸಾಲು ಸ್ಪಷ್ಟವಾಗಿತ್ತು. ಎರಡೂ ಕೊನೆಗಳ ನಿಲುವುಸಾಲುಗಳು ಸ್ಪಷ್ಟವಾಗಿದ್ದವು. ಆದರೆ ಕೆಳಗಿನ ಅಂಚು ಆ ನಾಲ್ವರ ಕಾಲುಗಳ ಹಿಂದೆಯೂ ಅವರ ನೆರಳಿನಲ್ಲಿಯೂ ಅಡಗಿತ್ತು. ಅಲ್ಲಿ ಒಂದೇ ಸಾಲೋ, ಎರಡು ಸಾಲೋ?

ಮರುದಿನ ನಾನು ಬರುವಷ್ಟರಲ್ಲಿ ಹುಡುಗ ಕೆಳಗಿನ ಅಂಚಿಗೆ ಎರಡು ಸಾಲು ಅಂಟಿಸಿಯಾಗಿತ್ತು. ಒಂದರ ಕೆಳಗೊಂದು, ಸೈನಿಕರು ನಿಂತ ಹಾಗೆ.

“ಎರಡು ಸಾಲಿಗೆ ಆಧಾರ ಏನು?” ಎಂದೆ.

“ಛಂದ ಕಾಣಸ್ತದ್ರಿ” ಎಂದ.

ನನ್ನೊಳಗಿನ ಸಂಪಾದಕ ಎದ್ದು ಕುಳಿತ. ಲಿಪಿಕಾರನು ಮೂಲದಲ್ಲಿ ಇಲ್ಲದ ಸಾಲನ್ನು ಚೆಂದಕ್ಕೆಂದು ಸೇರಿಸಿದರೆ ಅದನ್ನು ಪ್ರಕ್ಷೇಪ ಎನ್ನುತ್ತೇವೆ. ಎಂಥ ಸುಂದರವಾದ ಸಾಲಾದರೂ ಅದು ಸುಳ್ಳೇ. ಇಷ್ಟನ್ನು ಮೆಲ್ಲನೆ ಹೇಳಿದ್ದರೆ ಸಾಕಾಗಿತ್ತು. ನಾನು ದನಿಯೇರಿಸಿದೆ. ಮೇಲಿನಂತೆಯೇ ಕೆಳಗೂ ಒಂದೇ ಸಾಲು ಎಂದು ತೀರ್ಪು ಕೊಟ್ಟು, ಆ ಸಾಲನ್ನು ಈಗಲೇ ಕಿತ್ತುಹಾಕು ಎಂದೆ. ಎರಡೂ ಸಾಲುಗಳು ಒಂದೇ ಪೊರೆಯಲ್ಲಿದ್ದವು. ಅವನು ಕೀಳಲು ಹೋದಾಗ ಪೊರೆ ಹರಿದು ಮೇಲಿನ ಸಾಲೂ ಹಾಳಾಯಿತು. ಎರಡು ದಿನಗಳ ಕೆಲಸ. ಹುಡುಗ ಒಂದು ಮಾತೂ ಆಡದೆ ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿ ಅಟ್ಟಕ್ಕೆ ಹಾಕಿದ. ಮೂರು ದಿನ ನನ್ನೊಡನೆ ಮಾತಿಲ್ಲ. ನನ್ನ ಚಾಚಿದ ಕೈಯನ್ನು ನೋಡಿಕೊಂಡೆ. 1976ರಲ್ಲಿ ಸನ್ನೆ ಮಾಡಿದ್ದೂ ಇದೇ ಕೈ.

ನಾಲ್ಕನೆಯ ದಿನ ನಾನೇ ಅಟ್ಟದಿಂದ ಡಬ್ಬಿಯನ್ನು ಇಳಿಸಿ, ಅವನಿಗೆ ತಿಳಿಯದಂತೆ ಒಂದು ಪಟ್ಟಿಯನ್ನು ಅಂಟಿಸಲು ಕುಳಿತೆ. ಅರವತ್ತಾರರ ಕೈ ನಡುಗಿತು. ಪಟ್ಟಿಯು ಮೊದಲು ಬೆರಳಿಗೆ ಅಂಟಿತು, ಆಮೇಲೆ ಮಡಚಿಕೊಂಡಿತು, ಕೊನೆಗೆ ನೀರಿನ ಬಟ್ಟಲಲ್ಲಿ ಹುಳುವಿನಂತೆ ಸುರುಳಿಯಾಯಿತು. ಹಿಂದೆ ಯಾರೋ ನಕ್ಕ ಸದ್ದು. ತಿರುಗಿ ನೋಡಿದರೆ ಮೊಮ್ಮಗ.

“ಅಜ್ಜಾ, ನೀರಾಗ ಅಷ್ಟೊತ್ತು ಬಿಡಬಾರದ್ರಿ” ಎಂದು ಪಕ್ಕದಲ್ಲಿ ಕುಳಿತ. ಗುರುವಿನ ಸ್ಥಾನ ಬದಲಾಯಿತು.

ಅವನು ಕಲಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಇಂಥ ಹವ್ಯಾಸವುಳ್ಳ ಮಕ್ಕಳಿದ್ದರೆ ಉಪಯೋಗವಾದೀತು. ಮೊದಲು ಮೈಯನ್ನು ಸಾಬೂನಿನ ನೀರಿನಿಂದ ತೊಳೆದು ಜಿಡ್ಡು ತೆಗೆಯಬೇಕು. ಬಳಿಕ ಹೊಳಪಿನ ವಾರ್ನಿಷ್ ಅನ್ನು ತೆಳುವಾಗಿ ಹಚ್ಚಿ ಒಣಗಿಸಬೇಕು. ಒರಟಾದ ಮೈಮೇಲೆ ಪೊರೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ಸಾಲು ಹೋಗಬೇಕಾದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆಯಬೇಕು. ರಿವೆಟ್ಟಿನ ಸಾಲಿಗೆ ಆದಷ್ಟು ಹತ್ತಿರವಾಗಿ ಪಟ್ಟಿಯನ್ನು ಕತ್ತರಿಸಿ, ಚಿಮಟದಿಂದ ಹಿಡಿದು, ಅರ್ಧ ನಿಮಿಷದೊಳಗೆ ನೀರಿನಲ್ಲಿ ಅದ್ದಿ ತೆಗೆದು ಒಂದು ಕಾಗದದ ಮೇಲೆ ಇಡಬೇಕು. ನೀರು ಹೀರಿಕೊಂಡು ಪೊರೆಯು ತಾನಾಗಿಯೇ ಸಡಿಲಗೊಳ್ಳುವವರೆಗೆ ಕಾಯಬೇಕು, ಎಳೆಯಬಾರದು. ಗೆರೆಯ ಮೇಲೆ ಒಂದು ಹನಿ ನೀರಿಟ್ಟು, ಒದ್ದೆಯ ಕುಂಚದಿಂದ ಪಟ್ಟಿಯನ್ನು ಜಾರಿಸಿ ಸ್ಥಳಕ್ಕೆ ತರಬೇಕು. ನೇರವಾಯಿತೆಂದು ಖಾತ್ರಿಯಾದ ಮೇಲೆ ಬಟ್ಟೆಯ ತುದಿಯಿಂದ ನೀರನ್ನು ಹೀರಿಸಬೇಕು. ಒತ್ತಿ ಒರೆಸಿದರೆ ಉಬ್ಬುಗಳು ಕಿತ್ತುಬರುತ್ತವೆ. ಪೊರೆಯನ್ನು ಮೆದುಗೊಳಿಸಿ ಮೈಗೆ ಹೊಂದಿಸುವ ದ್ರವವೊಂದುಂಟು, ವಿನೆಗರ್ ವಾಸನೆಯದು. ಅದನ್ನು ಹಚ್ಚಿ ಒಂದು ರಾತ್ರಿ ಮುಟ್ಟದೆ ಬಿಡಬೇಕು. ಗುಳ್ಳೆ ಉಳಿದಿದ್ದರೆ ಸೂಜಿಯಿಂದ ಚುಚ್ಚಿ ಮತ್ತೊಮ್ಮೆ ಹಚ್ಚಬೇಕು.

ಅಂಕಿ ಅಕ್ಷರಗಳ ಡೆಕಾಲನ್ನು ಬಣ್ಣ ಬಳಿದ ಮೇಲೆ ಹಚ್ಚುತ್ತಾರೆ. ರಿವೆಟ್ಟಿನದನ್ನು ಬಣ್ಣಕ್ಕಿಂತ ಮೊದಲು ಹಚ್ಚಬೇಕು. ಮೇಲೆ ಬಣ್ಣ ಬಿದ್ದಾಗ ಪೊರೆ ಮಾಯವಾಗಿ ರಿವೆಟ್‌ಗಳು ಮಾತ್ರ ಉಳಿಯುತ್ತವೆ. ಬಣ್ಣ ದಪ್ಪವಾದರೆ ರಿವೆಟ್‌ಗಳೂ ಮುಳುಗುತ್ತವೆ. ಆದುದರಿಂದ ಬಣ್ಣವನ್ನು ತೆಳುವಾಗಿ, ಎರಡು ಮೂರು ಬಾರಿ ಕೊಡಬೇಕು.

ಆದರೆ ಕೆಳಗಿನ ಅಂಚಿನ ಪ್ರಶ್ನೆ ಹಾಗೆಯೇ ಇತ್ತು. ಆಗ ನನಗೆ ಚಿತ್ರದ ಎಡತುದಿಯಲ್ಲಿ ನಿಂತ ಹುಡುಗನ ನೆನಪಾಯಿತು. ಕುಲುಮೆಯಲ್ಲಿ ರಿವೆಟ್ ಕಾಯಿಸುತ್ತಿದ್ದ ಆ ಹುಡುಗ ಈಗ ಎಂಬತ್ತೇಳರ ಮುದುಕ. ನಾಲ್ವರಲ್ಲಿ ಉಳಿದವರು ಅವರೊಬ್ಬರೇ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಇಷ್ಟು ದಿನ ಅವರನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ. ಕಣ್ಣೆದುರು ಬದುಕಿರುವ ಸಾಕ್ಷಿಯನ್ನು ಬಿಟ್ಟು ಊಹೆಯಿಂದ ತೀರ್ಪು ಕೊಟ್ಟ ಸಂಪಾದಕನನ್ನು ಏನೆನ್ನಬೇಕು!

ಮೊಮ್ಮಗನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವರ ಕಿವಿಯೂ ಪೂರ್ತಿ ಹೋಗಿದೆ. ಹುಡುಗನು ಪಾಟಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಕೇಳಿದ: “ಕೆಳಗಿನ ಅಂಚಿಗೆ ರಿವೆಟ್ ಒಂದು ಸಾಲೋ ಎರಡು ಸಾಲೋ?” ಕಾಕಾ ಆ ಪ್ರಶ್ನೆಯನ್ನು ಎರಡು ಸಲ ಓದಿದರು. ಅರವತ್ತು ವರ್ಷಗಳಲ್ಲಿ ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಕ್ಕಿಲ್ಲ. ಹುಡುಗನ ಕೈಯಿಂದ ಬಳಪ ತೆಗೆದುಕೊಂಡು ಪಾಟಿಯ ಮೇಲೆ ಚುಕ್ಕೆ ಇಡತೊಡಗಿದರು. ಮೇಲೆ ಒಂದು ಸಾಲು. ಕೆಳಗೆ ಎರಡು ಸಾಲು. ಆದರೆ ಸೈನಿಕರಂತೆ ನೇರವಾಗಿ ಅಲ್ಲ. ಮೇಲಿನ ಎರಡು ಚುಕ್ಕೆಗಳ ಸಂದಿಗೆ ಸರಿಯಾಗಿ ಕೆಳಗಿನದೊಂದು ಚುಕ್ಕೆ, ರಂಗೋಲಿಯ ಎಡೆಚುಕ್ಕೆಯ ಹಾಗೆ.

“ನೀರಿನ ಭಾರೆಲ್ಲಾ ತಳಕ್ಕ ಬೀಳ್ತದ” ಎಂದು ಕೂಗಿ ಹೇಳಿದರು. “ಒಂದು ಸಾಲು ಅಲ್ಲಿ ತಡೀತದೇನು? ತೂತು ಒಂದರ ಕೆಳಗೊಂದು ಬಂದ್ರ ಹಲಗಿ ಸೊರಗತದ. ಅದಕ್ಕ ಸಂದಿಗೆ ಸಂದಿ!”

ಎರಡು ಸಾಲೆಂದ ಮೊಮ್ಮಗ ಗೆದ್ದನೇ? ಅವನ ಸಾಲುಗಳು ನೇರವಾಗಿದ್ದವು, ಅವನ ಆಧಾರ ಕೇವಲ ಚೆಂದ. ಒಂದೇ ಸಾಲೆಂದ ನಾನು ಗೆದ್ದೆನೇ? ನನ್ನ ಆಧಾರ ಕೇವಲ ಹೋಲಿಕೆ. ಚೆಂದವೂ ಹೋಲಿಕೆಯೂ ಒಟ್ಟಿಗೆ ತಪ್ಪಿದ್ದವು. ಕೆಲಸ ಮಾಡಿದ ಕೈಗೆ ಮಾತ್ರ ಕಾರಣ ತಿಳಿದಿತ್ತು. ಹಿಂದಿರುಗುವಾಗ ದಾರಿಯಲ್ಲಿ ನಾನು ಮೊಮ್ಮಗನಿಗೆ “ನಂದೂ ತಪ್ಪಾತು ತಮ್ಮಾ” ಎಂದೆ. ಅವನು ಏನನ್ನೂ ಹೇಳದೆ ನನ್ನ ಕೈಚೀಲವನ್ನು ತೆಗೆದುಕೊಂಡು ತಾನು ಹಿಡಿದ.

ಆ ಎಡೆಸಾಲನ್ನು ಕೂರಿಸಲು ಒಂದು ವಾರ ಹಿಡಿಯಿತು. ಮೇಲಿನ ಸಾಲು ಪೂರ್ತಿ ಒಣಗಿದ ಮೇಲೆ ಎರಡನೆಯ ಪಟ್ಟಿಯನ್ನು ಅರ್ಧ ಮಿಲಿಮೀಟರು ಪಕ್ಕಕ್ಕೆ ಸರಿಸಿ ಇಡಬೇಕು. ಅವನು ಸರಿಸುತ್ತಿದ್ದ, ನಾನು ಭೂತಗನ್ನಡಿ ಹಿಡಿಯುತ್ತಿದ್ದೆ. ಆ ಕೆಲಸ ಮುಗಿದ ಮೇಲೆ ಕಪ್ಪು ಬಣ್ಣ ಕೊಟ್ಟೆವು. ಒಣ ಕುಂಚಕ್ಕೆ ತುಸು ಬೂದುಬಣ್ಣ ತಾಗಿಸಿ, ಒರೆಸಿಬಿಟ್ಟು, ಉಳಿದದ್ದನ್ನು ಮೇಲಿಂದ ಮೇಲೆ ಸವರಿದಾಗ ಒಂದೊಂದು ರಿವೆಟ್ಟಿನ ನೆತ್ತಿಯೂ ಬೆಳಕು ಹಿಡಿಯಿತು. ಆ ಕ್ಷಣದಲ್ಲಿ ಅದು ಪ್ಲಾಸ್ಟಿಕ್ ಎಂಬುದು ನನಗೆ ಮರೆತುಹೋಯಿತು.

ಪ್ರತಿಕೃತಿಯನ್ನು ಮೊದಲು ಕಾಕಾ ಅವರಿಗೆ ತೋರಿಸಬೇಕೆಂದು ಹುಡುಗನೇ ಹಟ ಹಿಡಿದ. ಅವರು ಅದನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮಾತಾಡಲಿಲ್ಲ. ಬಳಿಕ ಎಡಗೈಯ ತೋರುಬೆರಳಿನ ತುದಿಯನ್ನು ಕೆಳಗಿನ ಅಂಚಿನ ಒಂದು ಬದಿಗೆ ಆನಿಸಿ, ಎದುರು ಬದಿಯಿಂದ ಬಲಗೈಯ ಉಗುರಿನಿಂದ ಮೆಲ್ಲನೆ ತಟ್ಟಿದರು. ಸ್ವಲ್ಪ ಮುಂದೆ ಸರಿದು ಮತ್ತೆ ತಟ್ಟಿದರು. ಹೀಗೆ ಆ ತುದಿಯಿಂದ ಈ ತುದಿಯವರೆಗೆ. ನಮ್ಮ ತಂದೆಯವರ ಕೈ ಮಾಡುತ್ತಿದ್ದುದು ಇದನ್ನೇ.

“ಒಂದೂ ಸಡಲಿಲ್ಲ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಪಕ್ಕದ ಮನೆಯ ಮಕ್ಕಳು ಬಾಗಿಲಿಗೆ ಬಂದು ನಕ್ಕರು. ಈ ಸಲ ನನಗೆ ನಾಚಿಕೆಯಾಗಲಿಲ್ಲ.

ಓದುಗ ಬಂಧುಗಳೇ, ಕಾರ್ಖಾನೆಯಲ್ಲೋ, ಗಿರಣಿಯಲ್ಲೋ, ನೇಕಾರಿಕೆಯ ಮಗ್ಗದ ಮುಂದೋ ಕಿವಿ ಕಳೆದುಕೊಂಡ ಹಿರಿಯರು ನಿಮ್ಮ ಮನೆಯಲ್ಲಿಯೂ ಇರಬಹುದು. ಅವರು ಕೂಗಿ ಮಾತನಾಡಿದರೆ ಬೇಸರಪಡಬೇಡಿ. ಒಂದು ಪಾಟಿಯನ್ನೋ ಕಾಗದವನ್ನೋ ಹಿಡಿದು, ಅವರ ಕೈಗಳು ಮಾಡಿದ ಕೆಲಸದ ಬಗೆಗೆ ಒಂದು ಪ್ರಶ್ನೆ ಕೇಳಿ. ಅವರಲ್ಲದೆ ಬೇರಾರೂ ಉತ್ತರಿಸಲಾರದ ಪ್ರಶ್ನೆಯಾಗಿರಲಿ. ಈಗಲೂ ಗದ್ದಲದಲ್ಲಿ ದುಡಿಯುವ ಮಕ್ಕಳು ನಿಮಗಿದ್ದರೆ ಕಿವಿಗೆ ರಕ್ಷೆ ಹಾಕಿಕೊಳ್ಳಲು ಅವರಿಗೆ ಒತ್ತಾಯಮಾಡಿ ಹೇಳಿ.

ಆ ಟೆಂಡರ್ ಈಗ ನನ್ನ ಮೇಜಿನ ಬಲಬದಿಗೆ, ಭೂತಗನ್ನಡಿಯ ಪಕ್ಕದಲ್ಲಿದೆ. ಅದರ ಹಿಂದೆ ಆ ನಾಲ್ವರ ಚಿತ್ರ. ಬರೆಯುವ ನಡುವೆ ಕೆಲವೊಮ್ಮೆ ಅದರ ಕೆಳಅಂಚಿನ ಮೇಲೆ ನನ್ನ ಬೆರಳು ಹೋಗುತ್ತದೆ. ಚಿತ್ರದಲ್ಲಿ ತಂದೆಯವರ ಕಾಲಿನ ಹಿಂದೆ ಅಡಗಿದ್ದ ಆ ಎರಡು ಸಾಲುಗಳು ಬೆರಳಿಗೆ ತಾಗುತ್ತವೆ, ಸಂದಿಗೆ ಸಂದಿ.